ಚಿತ್ರದ ಹಿಂಬದಿ

ಕೀಂ… ಕರ್ರ್ರ್… ಟಂಯ್! ಆಗ ಇಂಟರ್ನೆಟ್ಟಿಗೆ ಗಂಟಲಿತ್ತು. ಫೋನಿನ ತಂತಿಯೊಳಗೆ ಅಷ್ಟು ಕಿರುಚಿಕೊಂಡ ಮೇಲೆಯೇ ಅದು ನಮ್ಮ ಬನಹಟ್ಟಿಗೆ ಬಂದು ಮುಟ್ಟುತ್ತಿತ್ತು. ಓಣಿಯ ಮಗ್ಗಗಳ ಖಟಪಟದ ನಡುವೆ ಆ ಕಿರುಚಾಟ ನನಗೊಬ್ಬಳಿಗೆ ಮ್ಯೂಸಿಕ್. ಟೀಚರ್ ಕೆಲಸದಿಂದ ರಿಟೈರ್ ಆದ ಹೊಸತು. ಎಲ್ಲೆಲ್ಲಿಯೋ ಇರುವ ಸಮಕಾಲೀನ ಕಲಾವಿದರ ಪೇಂಟಿಂಗ್‌ಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ನೋಡುವ ಚಟ ಹತ್ತಿತ್ತು. ನೋಡಿ ಸುಮ್ಮನಿರುವವಳಲ್ಲ ನಾನು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷಿಗೆ ಇಸ್ತ್ರಿ ಹಾಕಿ ಅವರಿಗೆಲ್ಲ ಇ-ಮೇಲ್ ಬರೆಯುತ್ತಿದ್ದೆ: ‘ಎಕ್ಸ್‌ಕ್ವಿಸಿಟ್’, ‘ಸಬ್ಲೈಮ್’. ಒಬ್ಬರೂ ಉತ್ತರಿಸಲಿಲ್ಲ. ಒಂದೇ ಒಂದು ಉತ್ತರ ಬರಲಿ ಎಂದು, ಕಾನ್ವೆಂಟಿನಲ್ಲಿ ಎಂದೂ ಬಾರದ ಲವ್ ಲೆಟರಿಗೆ ಈ ವಯಸ್ಸಿನಲ್ಲಿ ಕಾದವಳಂತೆ ದಿನವೂ ಕಾಯುತ್ತಿದ್ದೆ.

ನನಗೆ ಸೀರೆ ನೇಯ್ದುಕೊಡುತ್ತಿದ್ದ ಕಾಶವ್ವ ಒಂದು ಮಧ್ಯಾಹ್ನ ಬಂದಾಗ ಕೋಲ್ಕತ್ತದ ಹುಡುಗಿಯೊಬ್ಬಳು ಬರೆದ ಚಿತ್ರ ತೆರೆದುಕೊಳ್ಳುತ್ತಿತ್ತು. ಬರೀ ಕೆಂಪು, ಕಪ್ಪು ಸಣ್ಣ ಗೆರೆಗಳು. ಆಗಿನ ಸ್ಪೀಡಿಗೆ ಅದು ಮೇಲಿನಿಂದ ಒಂದೊಂದೇ ಎಳೆಯಾಗಿ ಇಳಿಯುತ್ತಿತ್ತು.

“ಯವ್ವಾ, ಒಳಗ ಯಾರೋ ನೇಯಾಕತ್ತಾರಲ್ರಿ ಅಕ್ಕೋರ!”

“ಅದು ಪೇಂಟಿಂಗ್, ಕಾಶವ್ವ. ಹ್ಯಾಂಗೈತಿ ಹೇಳು.”

“ಹಿಂಬದಿ ತೋರಸ್ರಿ, ಹೇಳ್ತೀನಿ. ಮುಂದಿಂದ ಎಲ್ಲಾನೂ ಛಲೋನ ಕಾಣತೈತಿ. ಗಂಟು, ಹರಕ ಎಲ್ಲಾ ಹಿಂದ ಇರತಾವ.”

ನೇಕಾರರ ಕಣ್ಣು, ಬಟ್ಟೆಯನ್ನು ತಿರುವಿ ಹಾಕದೆ ಅದು ಮೆಚ್ಚುವುದಿಲ್ಲ. ನಾನು ತೋರಿಸಲಿಲ್ಲವೆಂದು ತಾನೇ ಎದ್ದು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದಳು. “ಬರೇ ಧೂಳ ಐತ್ರಿ ಅಕ್ಕೋರ! ಒರಸೂದಿಲ್ಲೇನ್ರಿ?”

ನಕ್ಕು ನಕ್ಕು ಸುಸ್ತಾದ ಮೇಲೆ, ಇಸ್ತ್ರಿ ಇಲ್ಲದ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದೆ: ನಮ್ಮೂರ ನೇಕಾರ ಹೆಂಗಸು ನಿಮ್ಮ ಚಿತ್ರದ ಹಿಂಬದಿ ನೋಡಬೇಕೆನ್ನುತ್ತಾಳೆ. ಮರುದಿನವೇ ಉತ್ತರ! ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಜೊತೆಗೆ ಕ್ಯಾನ್ವಾಸಿನ ಬೆನ್ನಿನ ಫೋಟೋ: ಇಳಿದ ಬಣ್ಣದ ಕಲೆಗಳು, ಹರಿದ ಕಡೆ ಒಂದು ತೇಪೆ. ಕೊನೆಗೆ, ನೇಕಾರ ಹೆಂಗಸಿಗೆ ರಿಗಾರ್ಡ್ಸ್. ನನಗೆ ರಿಗಾರ್ಡ್ಸ್ ಇರಲಿಲ್ಲ.

ಕಾಶವ್ವ ಆ ತೇಪೆಯನ್ನು ಬಹಳ ಹೊತ್ತು ನೋಡಿದಳು. “ಹರೀತಂತ ಒಗದಿಲ್ಲ ನೋಡ್ರಿ. ಖರೇನ ದುಡದಾಕಿ ಈಕಿ.” ನನ್ನ ‘ಸಬ್ಲೈಮ್’ ಅಂದೇ ನಿವೃತ್ತವಾಯಿತು.

ಕಾಶವ್ವನನ್ನು ನಾನು ಕೊನೆಯ ಸಲ ಕಂಡದ್ದು ಬಸ್ ಸ್ಟ್ಯಾಂಡಿನಲ್ಲಿ. ಮುಧೋಳದ ಮಗಳ ಮನೆಯಲ್ಲೇ ಇರಲು ಹೊರಟಿದ್ದಳು. ಅವಳು ನೇಯ್ದ ಸೀರೆಯನ್ನೇ ಉಟ್ಟು ಬೀಳ್ಕೊಡಲು ಹೋಗಿದ್ದೆ. ರೂಢಿಯಂತೆ ನನ್ನ ಸೆರಗು ತಿರುವಿದಳು. ಮೊಳೆಗೆ ಸಿಕ್ಕಿ ಹರಿದದ್ದನ್ನು ನಾನು ಗುಟ್ಟಾಗಿ ಹೊಲಿದುಕೊಂಡಿದ್ದ ಜಾಗ ಅಲ್ಲಿತ್ತು, ಚೀಲದ ಬಾಯಿ ಹೊಲಿದ ಹಾಗೆ.

“ಅಕ್ಕೋರ, ನೀವು ಮುಂದಿಂದ ಭಾಳ ಛಲೋ ಕಾಣ್ತೀರಿ,” ಎಂದು ನಕ್ಕು ಬಸ್ ಹತ್ತಿದಳು.

ಬಸ್ಸು ಮರೆಯಾಗುವವರೆಗೂ ನಾನು ಅವಳಿಗೆ ಬೆನ್ನು ತಿರುಗಿಸಲಿಲ್ಲ.