ಕ್ವಿನ್ಸ್ ಗಿಡದ ಮನಿಗೆ ಕನ್ಯಾ ನೋಡಾಕ ಬಂದವರು

ನಮ್ಮ ಇಳಕಲ್ಲ ಓಣ್ಯಾಗ ಒಂದಿಲ್ಲೊಂದು ನಡೀತಾನ ಇರತೈತಿ. ನಾ ಕಟ್ಟಿ ಮ್ಯಾಲೆ ಜೋಳ ಹಸನ ಮಾಡಕೋತ ಕುಂತಿದ್ರೂ ತಾನಾಗೇ ಬಂದು ಕಣ್ಣಿಗೆ ಬೀಳತೈತಿ. ಎಮರ್ಜೆನ್ಸಿ ಟೈಮಿನ್ಯಾಗ ಎದುರ ಮನಿ ಮಿಲಿಟ್ರಿಯವರು ಪೆನ್ಶನ್ ಆಗಿ ಬಂದ್ರು. ಕಾಶ್ಮೀರದಿಂದ ಹಸಿ ಗೋಣಿತಾಟಿನ್ಯಾಗ ಸುತ್ತಿ ಒಂದು ಹಣ್ಣಿನ ಸಸಿ ತಂದಿದ್ರು. ಹೆಸರು ಕ್ವಿನ್ಸ್ ಅಂತ. ಮನ್ಯಾಗ ಮದುವಿಗೆ ಬಂದ ಮಗಳಿದ್ಲು. ಹೆಂಡ್ತಿಗೆ ಮಗಳ ಚಿಂತಿ, ಗಂಡಗ ಗಿಡದ ಚಿಂತಿ.

೧. ಬದಾಮಿಯವರು

ಬದಾಮಿಯಿಂದ ಕನ್ಯಾ ನೋಡಾಕ ಬಂದವರನ್ನ ಮಿಲಿಟ್ರಿಯವರು ಸೀದಾ ಹಿತ್ತಲಕ್ಕ ಕರಕೊಂಡ ಹೋದ್ರು. "ಕೈ ಇದರ ಬುಡಕ್ಕ ತೊಳೀರಿ. ನಮ್ಮ ಮನಿಮಂದಿ ಜಳಕದ ನೀರೂ ಇದಕ್ಕ" ಅಂದ್ರು. ಬಿಸಲಾಗ ನಿಂತು ಗಿಡದ ಗುಣಗಾನ ಕೇಳಿ ಕೇಳಿ ವರನ ತಾಯಿ ಅಂದ್ಲು:

"ಗಿಡ ನೋಡಿದಿವ್ರಿ. ಕನ್ಯಾ ಯಾವ ಹಿತ್ತಲದಾಗ ಹಚ್ಚೀರಿ?"

೨. ಕೊಡ್ಲಿ

ಗಿಡ ಬೆಳೀತು, ಕಾಯಿ ಬಿಡಲಿಲ್ಲ. ಇಂಥ ಗಿಡಕ್ಕ ನಮ್ಮ ಕಡೆ ಒಂದು ಪದ್ಧತಿ ಐತಿ: ಗಂಡ ಕೊಡ್ಲಿ ಎತ್ತಿ ಹೆದರಸಬೇಕು, ಹೆಂಡ್ತಿ ಗಿಡದ ಪರವಾಗಿ, ಗಿಡಾನೇ ಮಾತಾಡಿದಂಗ ಬೇಡಕೋಬೇಕು.

ಮಿಲಿಟ್ರಿಯವರು ಕೊಡ್ಲಿ ಎತ್ತಿದ್ರು. "ಇಷ್ಟ ವರ್ಷ ಸಾಕೇನಿ, ಏನ ಕೊಟ್ಟಿ? ಕಡದ ಒಗೀತೇನಿ."

ಐವತ್ತು ದಾಟಿದ ಹೆಂಡ್ತಿ ಗಿಡದ ಮುಂದ ನಿಂತು ಕೈ ಮುಗದ್ಲು. "ಇದೊಂದ ವರ್ಷ ತಡೀರಿ. ಮುಂದಿನ ವರ್ಷ ಖಂಡಿತ ಹಡೀತೇನಿ."

ಅಷ್ಟೊತ್ತಿಗೆ ಹುನಗುಂದದಿಂದ ಕನ್ಯಾ ನೋಡಾಕ ಬಂದವರು ಹಿತ್ತಲ ಬಾಗಲಾಗ ನಿಂತಿದ್ರು. ಚಪ್ಪಲಿ ಸುದ್ದಾ ಕಳೀಲಿಲ್ಲ, ಹಂಗ ತಿರಗಿದ್ರು. ಹೋಗೋವಾಗ ವರನ ತಂದಿ ನನ್ನ ಕಟ್ಟಿ ಹಂತ್ಯಾಕ ಬಂದು ಮೆಲ್ಲಕ ಕೇಳಿದ: "ಯವ್ವಾ, ಆ ಮನ್ಯಾಗ ಮಗಳ ಮದುವಿಗಿಂತ ಮೊದಲ ತಾಯಿ ಬಾಣಂತನ ಐತೇನು?"

"ಮುಂದಿನ ವರ್ಷ ಅಂದಾರ್ರಿ" ಅಂದೆ.

೩. ಒಂದು ಹಣ್ಣು

ಮುಂದಿನ ವರ್ಷ ಖರೇನ ಒಂದು ಹಣ್ಣು ಬಿಟ್ಟಿತು. ಬಾಗಲಕೋಟಿಯಿಂದ ಬಂದ ವರ ಹುಡುಗಿ ಮನಸಿಗೂ ಬಂದ. ಆದ್ರ ಜೋಡಿ ಅವನ ಕಾಕಾ ಬಂದಿದ್ದ. ಇದೇ ಹುಡುಗನ ಎರಡು ಸಂಬಂಧ ಬರೇ ಮಾತಿನ್ಯಾಗ ಮುರದಂವ. ಅಂವ "ಕೊಡೋದು ತಗೊಳ್ಳೋದು..." ಅಂತ ಬಾಯಿ ತಗದಾಗ ಮಿಲಿಟ್ರಿಯವರು ಹಣ್ಣಿನ ಹೋಳು ಕೈಯಾಗಿಟ್ರು.

ಬೇಯಿಸಿ ತಿನ್ನೋ ಹಣ್ಣದು, ಇಲ್ಲಿ ಯಾರಿಗೆ ಗೊತ್ತು. ಕಚ್ಚಿದ ಕೂಡ್ಲೆ ಒಗರಿಗೆ ಕಾಕಾನ ನಾಲಿಗಿ ಅಂಗುಳಕ್ಕ ಅಂಟಿತು. ಬೀಗರ ಮುಂದ ಉಗುಳಾಕ ಬರೂದಿಲ್ಲ. ಮಾತು ಕೂಡಿದ್ರ ಹಂಚಾಕಂತ ಇಟ್ಟಿದ್ದ ಸಕ್ಕರಿ ತಟ್ಟಿ ವರನೇ ಕಾಕಾನ ಕಡೆ ಸರಿಸಿದ; ಓಣಿ ಹೆಣ್ಮಕ್ಕಳ ಜೋಡಿ ನಾನೂ ಅಲ್ಲೇ ಇದ್ದೆ, ಕಣ್ಣಾರೆ ನೋಡೇನಿ. ಕಾಕಾ ಹಿಡಿ ತುಂಬ ಬಾಯಿಗೆ ಹಾಕ್ಕೊಂಡ.

ನಮ್ಮಲ್ಲಿ ಕನ್ಯಾದ ಮನ್ಯಾಗ ಸಕ್ಕರಿ ತಿಂದ್ರ ಸಂಬಂಧ ಗಟ್ಟಿ. ಹೆಣ್ಮಕ್ಕಳು ಹಾಡ ಸುರು ಮಾಡಿದ್ವಿ.

"ನಾ ಬಾಯಿ ಒಗರಿಗೆ ತಿಂದೇನ್ರಿ" ಅಂದ ಕಾಕಾ, ನಾಲಿಗಿ ಬಿಟ್ಟ ಮ್ಯಾಲೆ.

ಹುಡುಗಿ ತಾಯಿ ಸಮಾಧಾನದಿಂದ ಅಂದ್ಲು: "ಹೌದೇನ್ರಿ ಬೀಗರ? ಹಣ್ಣಿನ ಹೋಳು ಇನ್ನೂ ಉಳದಾವು. ಕೊಡ್ಲ್ಯಾ?"

ಕಾಕಾ ಇನ್ನೊಂದು ಹಿಡಿ ಸಕ್ಕರಿ ತಿಂದ.