ಓದಲ್ಲ ಅಂತ ಹಟ ಹಿಡಿದ ಕಂಪ್ಯೂಟರ್

ಕೆಟ್ಟ ಕಂಪ್ಯೂಟರ್ ಮುಂದೆ ಹೆಂಗಸೊಬ್ಬಳು ಪೆಚ್ಚಾಗಿ ಕೂತಿದ್ದರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ ಒಳಗೆ ಬಂದು ಮದ್ದು ಹೇಳುತ್ತಾರೆ. ಹಲಸೂರಿನ ಲಗ್ನಪತ್ರಿಕೆ ಅಂಗಡಿಯಲ್ಲಿ ಟೈಪ್ ಮಾಡಲು ಕೂತ ದಿನದಿಂದ ನನ್ನದು ಇದೇ ಕಥೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಂಪ್ಯೂಟರ್ ಯಾರೋ ಬಳಸಿ ಬಿಟ್ಟದ್ದು. ನಾನು ಹತ್ತನೇ ಕ್ಲಾಸಿನವರೆಗಾದರೂ ಓದಿದ್ದೆ, ಅದು ಅಷ್ಟೂ ಓದುತ್ತಿರಲಿಲ್ಲ. ಬೆಳಿಗ್ಗೆ ಬಟನ್ ಒತ್ತಿದರೆ ಕಪ್ಪು ಪರದೆಯ ಮೇಲೆ ‘ಡಿಸ್ಕ್ ರೀಡ್ ಎರರ್’ ಎಂದು ಬರೆದು ಕೂತುಬಿಡುತ್ತಿತ್ತು.

ಓನರ್ ಮೊದಲೇ ಹೇಳಿಬಿಟ್ಟಿದ್ದರು: "ನೋಡಮ್ಮಾ, ಇದು ಸತ್ರೆ ಇನ್ನೊಂದು ತರಲ್ಲ. ಮೊದಲಿನ ಹಾಗೆ ಅಚ್ಚಿನ ಮೊಳೆ ಜೋಡಿಸ್ಕೊಂಡು ಇರ್ತೀನಿ."

ಮೊಳೆ ಜೋಡಿಸಲು ಊರಲ್ಲಿ ಅವರ ಭಾವಮೈದ ತುದಿಗಾಲಲ್ಲಿ ನಿಂತಿದ್ದ. ಅಂದರೆ ಕಂಪ್ಯೂಟರ್ ಹೋದರೆ ನನ್ನ ಕೆಲಸವೂ ಹೋಯಿತು. ಕಗ್ಗದಾಸಪುರದ ಮನೆಯಲ್ಲಿ ದಿನವಿಡೀ ಅತ್ತೆಯ ಎದುರು ಕೂರಬೇಕು. ಅದಕ್ಕಿಂತ ಈ ಡಬ್ಬದ ಬಾಣಂತನವೇ ಸುಲಭ.

ಥಂಡಿ

ಡಿಸೆಂಬರ್‌ನಲ್ಲಿ ಕಾಟ ಹೆಚ್ಚಾಯಿತು. ರಿಪೇರಿಯವರಿಗೆ ಫೋನ್ ಮಾಡಿದೆ. "ಹಳೇ ಹಾರ್ಡ್ ಡಿಸ್ಕ್ ಅಲ್ವಾ, ಥಂಡಿಗೆ ಸರಿಯಾಗಿ ತಿರುಗಲ್ಲ. ಆನ್ ಮಾಡಿ ಹಾಗೇ ಬಿಡಿ, ಬೆಚ್ಚಗಾದ ಮೇಲೆ ಮತ್ತೆ ಶುರು ಮಾಡಿ" ಎಂದರು.

ನಮ್ಮ ಓನರ್ ಅಷ್ಟಕ್ಕೆ ಬಿಡುವವರೇ? ತಮ್ಮ ಮಫ್ಲರ್ ಬಿಚ್ಚಿ ಡಬ್ಬಕ್ಕೆ ಸುತ್ತಿದರು. ಸಾಲದೆಂದು ಮಂಕಿ ಕ್ಯಾಪನ್ನೂ ತೊಡಿಸಿದರು. ಡಬ್ಬ ಬೆಚ್ಚಗಾಯಿತು, ಓದಿತು. ಮಧ್ಯಾಹ್ನದ ಹೊತ್ತಿಗೆ ದೋಸೆ ಕಾವಲಿಯಂತೆ ಸುಡುತ್ತಾ ಮತ್ತೆ ನಿಂತಿತು.

ಓನರ್ ಅದರ ಮೇಲೆ ಕೈಯಿಟ್ಟು ಗಾಬರಿಯಾದರು. "ಏನಮ್ಮಾ ಇದು, ಬೆಳಿಗ್ಗೆ ಥಂಡಿ ಅಂದ್ರು, ಈಗ ಜ್ವರ?"

"ಮಂಕಿ ಕ್ಯಾಪ್ ಹಾಕ್ಕೊಂಡು ಮಧ್ಯಾಹ್ನದವರೆಗೂ ಕೂತ್ರೆ ನಿಮಗೂ ಬರುತ್ತೆ ಸಾರ್" ಎಂದೆ.

ದೃಷ್ಟಿ

ಆಮೇಲೆ ಫ್ಲಾಪಿಗಳು ಮುಷ್ಕರ ಹೂಡಿದವು. ಅದೂ ಶನಿವಾರ ಮಾತ್ರ. ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ. ರಿಪೇರಿಯವರು ಬಿಚ್ಚಿ ನೋಡಿದರೆ ಫ್ಲಾಪಿ ತೂರಿಸುವ ಜಾಗದಲ್ಲೆಲ್ಲ ಮಸಿ. "ಇಲ್ಲಿ ಬೀಡಿ ಯಾರು ಸೇದ್ತೀರ?" ಎಂದು ನನ್ನ ಮುಖ ನೋಡಿದರು!

ಮುಂದಿನ ಶುಕ್ರವಾರ ಸಂಜೆ ಕಣ್ಣಿಟ್ಟು ಕೂತೆ. ಅಂಗಡಿಗಂಗಡಿಗೆ ಸಾಂಬ್ರಾಣಿ ಹೊಗೆ ಹಾಕುವ ಸಾಬರು ಕೆಂಡದ ಬೋಗುಣಿ, ನವಿಲುಗರಿ ಹಿಡಿದು ಬಂದರು. ಓನರ್ ಅವರನ್ನು ನೇರ ಕಂಪ್ಯೂಟರ್ ಮುಂದೆ ನಿಲ್ಲಿಸಿ, "ಇದಕ್ಕೆ ಯಾರದೋ ಕಣ್ಣು ಬಿದ್ದಿದೆ ಭಾಯ್, ಬಾಯಿಗೆ ಚೆನ್ನಾಗಿ ಹಾಕಿ" ಎಂದರು. ಎರರ್ ಹೆಚ್ಚಿದಷ್ಟೂ ಹೊಗೆ, ಹೊಗೆ ಹೆಚ್ಚಿದಷ್ಟೂ ಎರರ್!

"ಸಾರ್, ಇದರಿಂದಲೇ ಕೆಡ್ತಿರೋದು."

"ನಿನ್ನ ಮಗೂಗೆ ಸ್ನಾನ ಮಾಡ್ಸಿ ಸಾಂಬ್ರಾಣಿ ಹಾಕಲ್ವೇನಮ್ಮಾ?"

"ಹಾಕ್ತೀನಿ ಸಾರ್. ಬಾಯಿ ತೆಗೆಸಿ ಹಾಕಲ್ಲ."

ಮೊದಲ ಪತ್ರಿಕೆ

ಹೊಗೆ ನಿಂತ ಮೇಲೆ ಕೆಲವು ವಾರ ನೆಮ್ಮದಿ. ಒಂದು ದಿನ ಕೆ.ಆರ್. ಪುರದಿಂದ ಮದುಮಗನ ತಂದೆ ಬಂದರು, ಹಳೇ ಕಾಲದ ಯಜಮಾನರು. ಇಂದಿರಾನಗರದ ಆಫೀಸಿನಲ್ಲಿದ್ದ ಅವರ ತಮ್ಮನ ಮಗ ಇಡೀ ಲಗ್ನಪತ್ರಿಕೆಯನ್ನು ಫ್ಲಾಪಿಯಲ್ಲಿ ಹಾಕಿಕೊಟ್ಟಿದ್ದ. ನಾನು ತೂರಿಸಿದೆ. ಗರ್ ಗರ್ ಎಂದಿತು. ‘ಅಬಾರ್ಟ್, ರಿಟ್ರೈ, ಫೇಲ್?’ ಎಂದು ಕೇಳಿತು. ನಾನು ಫೇಲ್ ಮಾತ್ರ ಒತ್ತುವವಳಲ್ಲ; ಎಸ್ಸೆಸ್ಸೆಲ್ಸಿಯಲ್ಲಿ ಅದರಿಂದ ತಪ್ಪಿಸಿಕೊಳ್ಳಲು ಪಟ್ಟ ಪಾಡು ನನಗೇ ಗೊತ್ತು. ರಿಟ್ರೈ ಒತ್ತಿ ಒತ್ತಿ ಬೆರಳು ನೋಯಿತು. ಬೆಳಿಗ್ಗೆ ಓದಿದ್ದ ನಮ್ಮದೇ ಫ್ಲಾಪಿ ಹಾಕಿದೆ. ಅದನ್ನೂ ಓದಲಿಲ್ಲ.

"ಮುಗೀತಮ್ಮಾ" ಎಂದರು ಓನರ್. "ಭಾವಮೈದನಿಗೆ ಹೇಳಿ ಕಳಿಸ್ತೀನಿ."

ನನಗೆ ಅತ್ತೆಯ ಮುಖ ಕಣ್ಣೆದುರು ಬಂತು. ರಿಪೇರಿಯವರನ್ನು ಕಾಡಿ ಬೇಡಿ ಕರೆಸಿದೆ. ಅವರು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಳಗೆ ಒರೆಸಿದರೆ ಹತ್ತಿ ಹಳದಿಯಾಗಿ ಬಂತು! ಎಲ್ಲರೂ ಬೆಪ್ಪಾಗಿ ನೋಡಿದೆವು. ನಾನು ಯಜಮಾನರ ಫ್ಲಾಪಿಯನ್ನು ಬೆಳಕಿಗೆ ಹಿಡಿದೆ. ನಾಲ್ಕು ಮೂಲೆಗೂ ಅರಿಶಿನ.

"ನಾನೇ ಹಚ್ಚಿದ್ದು" ಎಂದರು ಯಜಮಾನರು. "ಮೊದಲ ಪತ್ರಿಕೆ ಮನೆದೇವರಿಗೆ ಅಲ್ವೇನಮ್ಮಾ? ಪತ್ರಿಕೆ ಇದರೊಳಗಿದೆ ಅಂದ ನಮ್ಮ ಹುಡುಗ. ಮೇಲೆ ಹಚ್ಚಿದ್ರೆ ಡಬ್ಬಿಗೆ ಹಚ್ಚಿದ ಹಾಗಾಯ್ತು. ಅದಕ್ಕೇ ತಗಡು ಸರಿಸಿ ಒಳಗೂ ಹಚ್ಚಿದೆ."

ಒರೆಸಿದ ಮೇಲೆ ಕಂಪ್ಯೂಟರ್ ನಮ್ಮ ಫ್ಲಾಪಿಯನ್ನು ಓದಿತು. ಆದರೂ ಓನರ್‌ಗೆ ಅನುಮಾನ. "ನಾಳೆ ಯಜಮಾನರು ಬೇರೆ ಫ್ಲಾಪಿ ತರಲಿ. ಅದನ್ನೂ ಓದ್ಲಿಲ್ಲ ಅಂದ್ರೆ ಭಾವಮೈದನೇ ಗತಿ."

ಮಾರನೇ ದಿನ ಯಜಮಾನರು ಎರಡು ತಂದರು. "ಒಂದು ದೇವರಿಗೆ, ಒಂದು ನಿಮಗೆ."

"ದೇವರದು ಯಾವುದು ಯಜಮಾನ್ರೇ?"

ಅವರು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು. "ಅದೇ ಗೊತ್ತಾಗ್ಲಿಲ್ಲಮ್ಮಾ, ಎರಡೂ ಒಂದೇ ಥರ ಇವೆ. ದೇವರಿಗೆ ಮೋಸ ಆಗ್ಬಾರ್ದು ಅಂತ ಎರಡಕ್ಕೂ ಹಚ್ಚಿಬಿಟ್ಟೆ."

ಓನರ್ ತಲೆ ಹಿಡಿದುಕೊಂಡರು. "ತಪ್ಪು ಕಂಪ್ಯೂಟರ್‌ದಲ್ಲ ಬಿಡಮ್ಮಾ. ಭಾವಮೈದ ಊರಲ್ಲೇ ಇರಲಿ, ನೀನು ಕೂತ್ಕೋ. ಯಜಮಾನ್ರೇ, ಫ್ಲಾಪಿ ಬೇಡ, ನೀವು ಬಾಯಲ್ಲಿ ಹೇಳ್ತಾ ಹೋಗಿ, ಇವಳು ಟೈಪ್ ಮಾಡ್ತಾಳೆ."

ನನಗೆ ಹೋದ ಜೀವ ಬಂದಂತಾಯಿತು. ಕುರ್ಚಿ ಎಳೆದು ಕೀಬೋರ್ಡಿನ ಮೇಲೆ ಕೈಯಿಟ್ಟೆ. ಯಜಮಾನರು ಪಕ್ಕದಲ್ಲಿ ಕೂತು ಜೇಬಿನಿಂದ ಅರಿಶಿನದ ಪೊಟ್ಟಣ ತೆಗೆದು, ಕೀಬೋರ್ಡನ್ನು ಭಕ್ತಿಯಿಂದ ನೋಡುತ್ತಾ ಕೇಳಿದರು:

"ಹಾಗಾದ್ರೆ ಇದರಲ್ಲಿ ಎಲ್ಲಿ ಹಚ್ಚಲಮ್ಮಾ?"