ಹತ್ತು ಮನೆಗೆ ಒಂದೇ ಗೀಟು

ಪರರ ತಪ್ಪು ಕಂಡಾಗ ನನ್ನ ಇಂಗ್ಲಿಷ್ ಬಹಳ ಸುಧಾರಿಸುತ್ತದೆ. ರಜೆ ಅರ್ಜಿಗೆ ಮೂರು ಹಾಳೆ ಹರಿದುಹಾಕುವ ನಾನು ಸ್ಕೂಟರ್ ಕಂಪನಿಯನ್ನು ಬೈದು ಒಂದೇ ಏಟಿಗೆ ನಾಲ್ಕು ಪುಟ ಬರೆದೆ.

ಎಪ್ಪತ್ತರ ದಶಕದ ಮಾತು. ಮೈಸೂರಿನಿಂದ ಎರ್ನಾಕುಲಕ್ಕೆ ವರ್ಗವಾಗಿ ಬಂದಿದ್ದ ನನ್ನ ಕೆಲಸ, ಮಟ್ಟಾಂಚೇರಿಯ ಗೋದಾಮುಗಳಲ್ಲಿ ಹಡಗು ಹತ್ತುವ ಕಾಳುಮೆಣಸನ್ನು ಪರೀಕ್ಷಿಸಿ ಮೊಹರು ಒತ್ತುವುದು. ಮೈಸೂರಿನಲ್ಲಿದ್ದಾಗಲೇ, ಮಗಳು ಹುಟ್ಟಿದ ವಾರ ಸ್ಕೂಟರಿಗೆ ಹೆಸರು ಬರೆಸಿದ್ದೆ. ಅದು ಕೈಗೆ ಬಂದಾಗ ಅವಳು ಮೂರನೇ ಕ್ಲಾಸು. ದಿನಾ ಅವಳನ್ನು ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುವ ಸಂಭ್ರಮವೇ ಸಂಭ್ರಮ. ಮೂರು ತಿಂಗಳಿಗೆ ಕಂಪನಿಯ ಕಾಗದ ಬಂತು. ಅವಸರದಲ್ಲಿ ಕೆಲವು ಗಾಡಿಗಳ ಮುಂದಿನ ಚಕ್ರದ ನಟ್ಟಿಗೆ ಪಿನ್ನು ಹಾಕುವುದು ಬಿಟ್ಟುಹೋಗಿದೆಯಂತೆ, ಓಡಿಸುವುದು ಅಪಾಯವಂತೆ. ಆದ್ದರಿಂದ ಕೂಡಲೇ ತಿರುವನಂತಪುರದ ವರ್ಕ್‌ಶಾಪಿಗೆ ಓಡಿಸಿಕೊಂಡು ಬರಬೇಕಂತೆ! ಇನ್ನೂರು ಕಿಲೋಮೀಟರು!

"ಮೊದಲು ಇನ್ಶೂರೆನ್ಸ್ ಕಾಗದ ಎಲ್ಲಿದೆ ಹೇಳಿ, ಆಮೇಲೆ ಹೊರಡಿ" ಎಂದಳು ಹೆಂಡತಿ ಸರಸು. ಗಾಡಿಯನ್ನು ರೈಲಿಗೆ ಹಾಕಿಸಿ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಎರಡು ಬೆರಳಲ್ಲಿ ತಿರುಗಿಸಿದ, ನಟ್ಟು ಅವನ ಅಂಗೈಗೆ ಬಿತ್ತು. ಮಗಳ ಎಣ್ಣೆ ಹಚ್ಚಿದ ಜಡೆ ಕಣ್ಣ ಮುಂದೆ ಬಂತು. ಕಾರ್ಖಾನೆಯ ತಪಾಸಣೆ ಕಾರ್ಡನ್ನೂ ಅವನು ತೋರಿಸಿದ. ಒಂದೊಂದು ಪರೀಕ್ಷೆ ಮುಗಿದಂತೆ ಗುರುತು ಹಾಕಲು ಹತ್ತು ಮನೆ, ಹತ್ತಕ್ಕೂ ಮೇಲಿಂದ ಕೆಳಗೆ ಒಂದೇ ಗೀಟು, ಅಡಿಯಲ್ಲಿ ಮುದ್ದಾದ ಸಹಿ.

ಮನೆಗೆ ಬಂದು ಆ ನಾಲ್ಕು ಪುಟ ಬರೆದು, ಕನ್ನಡದಲ್ಲಿ ಅರ್ಥ ಹೇಳುತ್ತ ಗಟ್ಟಿಯಾಗಿ ಓದಿದೆ. "ಒಂದೇ ಗೀಟು ಎಳೆದ ಆ ಮಹಾನುಭಾವನಿಗೆ ಮಕ್ಕಳಿಲ್ಲವೇ?" ಎಂಬ ಸಾಲನ್ನಂತೂ ಎರಡು ಸಲ ಓದಿದೆ. ಹಿಂದಿನ ಬೇಸಿಗೆ ರಜೆಯಲ್ಲಿ ನನ್ನ ಜೊತೆ ಗೋದಾಮಿಗೆ ಬಂದು ನನ್ನ ಕೆಲಸ ನೋಡಿದ್ದ ಮಗಳು ತಲೆಯೆತ್ತಿ, "ಅಚ್ಛನುಂ ಅಂಙನೆಯಲ್ಲೇ?" ಎಂದಳು. ಆರು ವರ್ಷ ಕೇರಳದಲ್ಲಿದ್ದೂ ಆ ಕ್ಷಣ ನನಗೆ ಮಲಯಾಳಂ ಮರೆತೇಹೋಯಿತು. "ಅಪ್ಪನೂ ಹಾಗೇ ಅಲ್ವಾ ಅಂತಿದಾಳೆ" ಎಂದು ಸರಸು ಅನುವಾದಿಸಿದಳು. ಗೋದಾಮಿನ ಯಜಮಾನ ಕೋಯಾ ನನಗೆಂದೇ ಬಾಗಿಲ ಬಳಿ ಒಂದು ಮೂಟೆ ಬಿಚ್ಚಿಟ್ಟಿರುತ್ತಿದ್ದ. ಅದನ್ನು ಮೂಸಿ, ಚಹಾ ಕುಡಿದು, ಉಳಿದ ಮೂಟೆಗಳಿಗೆಲ್ಲ ನಾನು ತಪಾಸಣೆ ಹಾಳೆಯಲ್ಲಿ ಒಂದೇ ಗೀಟು ಎಳೆಯುತ್ತಿದ್ದೆ. ಮನೆಗೆ ಮರಳುವ ದೋಣಿ ತಪ್ಪಬಾರದಲ್ಲ!

ಸೋಮವಾರ ಗೋದಾಮಿಗೆ ಹೋದವನೇ, "ಹತ್ತನೇ ಮೂಟೆ ಬಿಚ್ಚು" ಎಂದೆ. ಕೋಯಾ ಗಾಬರಿಯಾಗಿ, "ಎಂತು ಪಟ್ಟಿ ಸಾರೇ, ಏನಾಯ್ತು? ಮನೆಯಲ್ಲಿ ಜಗಳವೇ?" ಎಂದು ಕೇಳಿದ. ಬಿಚ್ಚಿದರೆ ಅರ್ಧಕ್ಕರ್ಧ, ಒಣಗಿದರೆ ಮೆಣಸಿನಂತೆಯೇ ಕಾಣುವ ಪಪ್ಪಾಯಿ ಬೀಜ.

ಕಂಪನಿಯ ಪತ್ರವನ್ನು ನಾನು ಅಂಚೆಗೆ ಹಾಕಲಿಲ್ಲ. ಅವರಾದರೂ ತಮ್ಮ ಗಾಡಿಗಳನ್ನು ವಾಪಸು ಕರೆಸಿಕೊಂಡರು. ನಾನು ಆರು ವರ್ಷ ಮೊಹರು ಒತ್ತಿ ಕಳಿಸಿದ್ದನ್ನು ಜನ ಆಗಲೇ ತಿಂದು ಮುಗಿಸಿದ್ದರು.